ಹಾರರ್ ಟ್ರೇಲರ್ ಹಿಂದೆ ನಿರ್ಮಾಣ ಸಂಸ್ಥೆ ಮಾಡಬೇಕಾದ ಕೆಲಸ

"ಟ್ರೇಲರ್‌ನಲ್ಲೇ ಎಲ್ಲ ತೋರಿಸಿಬಿಟ್ಟರು" ಅನ್ನುವ ದೂರು ಹಾರರ್ ಸಿನಿಮಾಗಳಿಗೆ ಹೊಸದೇನಲ್ಲ. ಬೈಸಿಕೊಳ್ಳುವವನು ಮಾತ್ರ ಯಾವಾಗಲೂ ನಿರ್ದೇಶಕ. ದೊಡ್ಡ ಮಟ್ಟದಲ್ಲಿ ಬಿಡುಗಡೆಯಾಗುವ ಸಿನಿಮಾಗಳಲ್ಲಿ ಟ್ರೇಲರ್ ಕಟ್ ಮಾಡುವವರು ಬಹುತೇಕ ನಿರ್ದೇಶಕರಲ್ಲ, ಅವರ ಎಡಿಟರ್ ಕೂಡ ಅಲ್ಲ. ವಿತರಣಾ ಸಂಸ್ಥೆಯ ಮಾರ್ಕೆಟಿಂಗ್ ವಿಭಾಗವು ಟ್ರೇಲರ್ ಮಾಡುವುದನ್ನೇ ಕಸುಬಾಗಿಸಿಕೊಂಡ ಕಂಪನಿಗೆ ಕೆಲಸ ಒಪ್ಪಿಸುತ್ತದೆ. ಎಷ್ಟೋ ಸಲ ಎರಡು ಮೂರು ಕಂಪನಿಗಳಿಗೆ ಒಟ್ಟಿಗೇ ಕೊಟ್ಟು, ಬಂದ ಕಟ್‌ಗಳಲ್ಲಿ ಒಂದನ್ನು ಆರಿಸುತ್ತದೆ, ಇಲ್ಲವೇ ಒಂದರ ಆರಂಭಕ್ಕೆ ಇನ್ನೊಂದರ ಕೊನೆಯನ್ನು ಜೋಡಿಸುತ್ತದೆ. ಖರ್ಚು ವಿತರಕರದು, ಕೊನೆಯ ಮಾತೂ ಅವರದೇ.

ಹಾಗಾದರೆ ಸಿನಿಮಾ ಮಾಡಿದ ನಿರ್ಮಾಣ ಸಂಸ್ಥೆ ಕೈಕಟ್ಟಿ ಕೂರಬೇಕೇ? ಖಂಡಿತ ಇಲ್ಲ. ಟ್ರೇಲರ್ ಚೆನ್ನಾಗಿ ಬರುವುದೂ ಕೆಡುವುದೂ ಬಹುಪಾಲು ನಿರ್ಮಾಣ ಸಂಸ್ಥೆ ಏನು ಕೊಟ್ಟಿತು, ಏನನ್ನು ಕೊಡದೆ ಉಳಿಸಿಕೊಂಡಿತು ಎಂಬುದರ ಮೇಲೇ ನಿಂತಿದೆ. ಆದರೆ ಆ ಕೆಲಸ ನಡೆಯಬೇಕಾದದ್ದು ಟ್ರೇಲರ್ ಕಟ್ ಆಗುವ ಎಷ್ಟೋ ತಿಂಗಳ ಮುಂಚೆ: ಒಪ್ಪಂದ ಬರೆಯುವಾಗ, ಶೂಟಿಂಗ್ ನಡೆಯುವಾಗ, ಫೂಟೇಜ್ ಕಳಿಸುವಾಗ. ಟ್ರೇಲರ್ ಹೊರಬಿದ್ದ ಮೇಲೆ ಮಾಡುವ ಜಗಳಕ್ಕೆ ಬೆಲೆಯಿಲ್ಲ.

ಹಾಸ್ಯ ಸಿನಿಮಾದ ಒಂದು ಜೋಕು ಟ್ರೇಲರ್‌ನಲ್ಲಿ ಹೋದರೆ ಚಿತ್ರಮಂದಿರದಲ್ಲಿ ನಗು ಸ್ವಲ್ಪ ಕಡಿಮೆಯಾಗಬಹುದು, ಅಷ್ಟೆ. ಹಾರರ್‌ನ ಲೆಕ್ಕ ಬೇರೆ. ಇಲ್ಲಿ ಪ್ರೇಕ್ಷಕ ಹೆದರುವುದು ಮುಂದೇನು ಎಂದು ಗೊತ್ತಿಲ್ಲದಿರುವುದರಿಂದ. ಭೂತದ ಮುಖ ಒಮ್ಮೆ ಬೆಳಕಿನಲ್ಲಿ ಕಂಡರೆ ಅದು ಮೇಕಪ್ ಹಾಕಿದ ಮುಖ. 2008ರ 'ಕ್ವಾರಂಟೈನ್' ಚಿತ್ರದ ಟ್ರೇಲರ್‌ನಲ್ಲೂ ಪೋಸ್ಟರ್‌ನಲ್ಲೂ ಸಿನಿಮಾದ ಕೊಟ್ಟಕೊನೆಯ ಶಾಟ್ ಅನ್ನೇ ಬಳಸಿದ್ದರು: ಕತ್ತಲಲ್ಲಿ ನಾಯಕಿಯನ್ನು ಹಿಂದಕ್ಕೆ ಎಳೆದೊಯ್ಯುವ ಶಾಟ್. ನೋಡಿದವರೆಲ್ಲ ಸಿನಿಮಾದುದ್ದಕ್ಕೂ ಆ ಶಾಟ್‌ಗಾಗಿ ಕಾದು ಕುಳಿತರು. ಅದು ಬರುವ ತನಕ ನಾಯಕಿ ಸಾಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಅದು ಬಂತು, ಸಿನಿಮಾ ಮುಗಿಯಿತು. ಒಂದೇ ಒಂದು ಶಾಟ್ ಇಡೀ ಚಿತ್ರದ ಆತಂಕವನ್ನು ತಿಂದುಹಾಕಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಒಪ್ಪಂದದಲ್ಲಿ ಬರೆಯಿಸಬೇಕಾದದ್ದು

ವಿತರಣಾ ಒಪ್ಪಂದದಲ್ಲಿ ಪ್ರಚಾರ ಸಾಮಗ್ರಿಯ ಬಗ್ಗೆ ಒಂದು ಕಲಮು ಇದ್ದೇ ಇರುತ್ತದೆ. ಅದರಲ್ಲಿ ನಿರ್ಮಾಣ ಸಂಸ್ಥೆಗೆ 'ಸಮಾಲೋಚನೆ'ಯ ಹಕ್ಕು ಇದೆಯೋ 'ಒಪ್ಪಿಗೆ'ಯ ಹಕ್ಕು ಇದೆಯೋ ನೋಡಿ. ಸಮಾಲೋಚನೆ ಅಂದರೆ ನಿಮ್ಮನ್ನು ಕೇಳುತ್ತಾರೆ, ಆಮೇಲೆ ತಮಗೆ ಬೇಕಾದದ್ದನ್ನು ಮಾಡುತ್ತಾರೆ. ಸಣ್ಣ ನಿರ್ಮಾಣ ಸಂಸ್ಥೆಗಳಿಗೆ ಸಿಗುವುದು ಹೆಚ್ಚಾಗಿ ಇದೇ. ಪೂರ್ತಿ ಒಪ್ಪಿಗೆಯ ಹಕ್ಕು ಹೆಸರು ಮಾಡಿದ ನಿರ್ಮಾಪಕರಿಗೂ ತಮ್ಮ ದುಡ್ಡನ್ನೇ ಹಾಕಿದವರಿಗೂ ಮಾತ್ರ ದಕ್ಕುತ್ತದೆ. ಅದಕ್ಕೆ ಹಟ ಹಿಡಿದು ಒಪ್ಪಂದವನ್ನೇ ಕಳೆದುಕೊಳ್ಳುವ ಬದಲು ಸಣ್ಣದೊಂದನ್ನು ಗಟ್ಟಿಯಾಗಿ ಕೇಳುವುದು ಜಾಣತನ: ಟ್ರೇಲರ್ ಹೇಗಾದರೂ ಇರಲಿ, ಈ ಪಟ್ಟಿಯಲ್ಲಿರುವ ಶಾಟ್‌ಗಳನ್ನು ಯಾವ ಪ್ರಚಾರದಲ್ಲೂ ಬಳಸಕೂಡದು. ಈ ಪಟ್ಟಿ ಒಪ್ಪಂದಕ್ಕೆ ಅನುಬಂಧವಾಗಿ ಸೇರಬೇಕು. ಇದನ್ನು ವಿತರಕರು ಸಾಮಾನ್ಯವಾಗಿ ಒಪ್ಪುತ್ತಾರೆ, ಏಕೆಂದರೆ ಅವರಿಗೂ ಮೊದಲ ವಾರದ ನಂತರ ಸಿನಿಮಾ ಓಡಬೇಕು.

ಪಟ್ಟಿ ಉದ್ದವಾದರೆ ಯಾರೂ ಲಕ್ಷ್ಯ ಕೊಡುವುದಿಲ್ಲ. ಐದರಿಂದ ಎಂಟು ಐಟಂ ಸಾಕು. ಕಾಡುವ ಶಕ್ತಿಯ ಪೂರ್ಣ ಮುಖ, ಮುಖ್ಯ ಪಾತ್ರಗಳ ಸಾವು, ಯಾರು ಬದುಕುಳಿಯುತ್ತಾರೆ ಎಂದು ತಿಳಿಸುವ ಬಟ್ಟೆ ಅಥವಾ ಗಾಯ, ಕಥೆಯ ತಿರುವನ್ನು ಬಿಟ್ಟುಕೊಡುವ ಮಾತು, ಕೊನೆಯ ಹದಿನೈದು ಇಪ್ಪತ್ತು ನಿಮಿಷದ ಜಾಗ. ಇವುಗಳಲ್ಲಿ ಜನ ಮರೆಯುವುದು ಬಟ್ಟೆಯನ್ನು. ಕ್ಲೈಮ್ಯಾಕ್ಸಿನಲ್ಲಿ ನಾಯಕಿ ತೊಟ್ಟ ರಕ್ತದ ಕಲೆಯ ಬಿಳಿ ಅಂಗಿ ಟ್ರೇಲರ್‌ನಲ್ಲಿ ಅರೆಕ್ಷಣ ಕಂಡರೂ ಸಾಕು. ಅದಕ್ಕೂ ಮುಂಚಿನ ಪ್ರತಿ ಗಂಡಾಂತರದಲ್ಲೂ ಆಕೆ ಪಾರಾಗುತ್ತಾಳೆ ಎಂದು ಚುರುಕು ಪ್ರೇಕ್ಷಕ ಹೇಳಿಬಿಡುತ್ತಾನೆ.

ಇನ್ನೊಂದು, ಗಡುವು. ಕಟ್ ಕಳಿಸಿದ ಮೂರು ಅಥವಾ ಐದು ಕೆಲಸದ ದಿನಗಳಲ್ಲಿ ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಂತೆ ಎಂಬ ಸಾಲು ಅನೇಕ ಒಪ್ಪಂದಗಳಲ್ಲಿ ಇರುತ್ತದೆ. ನಿರ್ದೇಶಕರು ಮಿಕ್ಸಿಂಗ್ ಸ್ಟುಡಿಯೋದಲ್ಲಿ ಮುಳುಗಿದ್ದಾಗ ಇಮೇಲ್ ಬರುತ್ತದೆ, ದಿನ ಕಳೆಯುತ್ತದೆ, ಹಕ್ಕು ಕೈತಪ್ಪುತ್ತದೆ. ಹಾಗಾಗಿ ಉತ್ತರ ಕೊಡುವ ಹೊಣೆ ಒಬ್ಬರದೇ ಆಗಿರಬೇಕು. ಅವರ ಹೆಸರೂ ವಿಳಾಸವೂ ಒಪ್ಪಂದದಲ್ಲೇ ಇರಬೇಕು. ಟಿಪ್ಪಣಿ ಕಳಿಸುವಾಗ "ಇದು ಸರಿಯಿಲ್ಲ, ಭಯ ಸಾಲದು" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. "1:14ರಿಂದ 1:15ರ ಶಾಟ್ ಪಟ್ಟಿಯ ಮೂರನೇ ಐಟಂ, ಅದರ ಬದಲು ಸೀನ್ 22, ಟೇಕ್ 4 ಬಳಸಬಹುದು" ಎಂದು ಬರೆದರೆ ಅದೇ ದಿನ ಬದಲಾಗುತ್ತದೆ. ಬದಲಿ ತೋರಿಸದೆ ಬೇಡ ಅನ್ನುವ ನಿರ್ಮಾಪಕರ ಮಾತನ್ನು ಎರಡನೇ ಸುತ್ತಿನಿಂದ ಯಾರೂ ಕೇಳುವುದಿಲ್ಲ.

ದುಡ್ಡು ಹಾಕಿದವರಿಗೆ ಎಷ್ಟು ಹಿಡಿತವಿರುತ್ತದೆ ಎಂಬುದನ್ನು ನೋಡಬೇಕಾದರೆ 1960ರ 'ಸೈಕೋ' ಚಿತ್ರಕ್ಕೇ ಹೋಗಬೇಕು. ವಿತರಣೆ ಪ್ಯಾರಾಮೌಂಟ್‌ನದು, ನಿರ್ಮಾಣ ಆಲ್ಫ್ರೆಡ್ ಹಿಚ್‌ಕಾಕ್ ಅವರದೇ ಶ್ಯಾಮ್ಲಿ ಪ್ರೊಡಕ್ಷನ್ಸ್. ಆರು ನಿಮಿಷಕ್ಕೂ ಹೆಚ್ಚು ಉದ್ದದ ಆ ಟ್ರೇಲರ್‌ನಲ್ಲಿ ಹಿಚ್‌ಕಾಕ್ ಖಾಲಿ ಸೆಟ್‌ನಲ್ಲಿ ಓಡಾಡುತ್ತಾ ಮನೆ, ಮೆಟ್ಟಿಲು, ಬಚ್ಚಲುಮನೆ ತೋರಿಸುತ್ತಾರೆ. ಕೊನೆಯಲ್ಲಿ ಪರದೆ ಸರಿಸಿದಾಗ ಕಿರುಚುವ ಹೆಂಗಸು ಸಿನಿಮಾದಲ್ಲಿ ಆ ಜಾಗದಲ್ಲಿರುವ ಜ್ಯಾನೆಟ್ ಲೀ ಅಲ್ಲ, ವೇರಾ ಮೈಲ್ಸ್. ಸಿನಿಮಾದ ದೊಡ್ಡ ಗುಟ್ಟು ಹೊರಬೀಳದೆ, ಪ್ರಚಾರಕ್ಕೆಂದೇ ಚಿತ್ರಿಸಿದ ದೃಶ್ಯದಿಂದ ಟಿಕೆಟ್ ಮಾರಿದರು.

ಶೂಟಿಂಗ್ ವೇಳೆಯಲ್ಲೇ ಎತ್ತಿಡಬೇಕಾದದ್ದು

ಪ್ರಚಾರಕ್ಕೆಂದೇ ಚಿತ್ರಿಸುವ ಆ ಅಭ್ಯಾಸ ಇಂದಿಗೂ ಸಲ್ಲುತ್ತದೆ. ಶೂಟಿಂಗ್ ಷೆಡ್ಯೂಲ್‌ನಲ್ಲಿ ಅರ್ಧ ದಿನವನ್ನು ಟೀಸರ್‌ಗಾಗಿ ಮೀಸಲಿಡಿ. ಸೆಟ್ ಇದೆ, ಲೈಟ್ ಇದೆ, ಕಲಾವಿದರು ಮೇಕಪ್‌ನಲ್ಲಿ ಇದ್ದಾರೆ. ನಾಲ್ಕು ತಿಂಗಳ ಮೇಲೆ ಇದನ್ನೆಲ್ಲ ಮತ್ತೆ ಒಟ್ಟುಗೂಡಿಸಲು ಎಷ್ಟೋ ಪಟ್ಟು ಖರ್ಚಾಗುತ್ತದೆ. ಏನು ಚಿತ್ರಿಸಬೇಕು? ಕಥೆ ಹೇಳದ, ಆದರೆ ಆ ಸಿನಿಮಾದ್ದೇ ಎಂದು ಗುರುತು ಹಿಡಿಯಬಹುದಾದ ಶಾಟ್‌ಗಳು. ಖಾಲಿ ಕಾರಿಡಾರ್ ಅನ್ನು ಒಂದು ನಿಮಿಷ ಅಲುಗಾಡದ ಕ್ಯಾಮೆರಾದಲ್ಲಿ. ಬಾಗಿಲ ಹಿಡಿ ನಿಧಾನ ತಿರುಗುವುದು. ಮುಖ್ಯ ಪಾತ್ರ ಚೌಕಟ್ಟಿನ ಎಡಕ್ಕೆ, ಬಲಕ್ಕೆ, ಮೇಲಕ್ಕೆ ನೋಡಿ ಬೆಚ್ಚುವುದು, ಒಂದೊಂದೂ ಬೇರೆ ಬೇರೆ ಟೇಕ್ ಆಗಿ. ಏನನ್ನು ನೋಡಿ ಬೆಚ್ಚಿದಳು ಎಂಬುದನ್ನು ಟ್ರೇಲರ್ ಎಡಿಟರ್ ಆಮೇಲೆ ಜೋಡಿಸಿಕೊಳ್ಳುತ್ತಾನೆ. ನಿಜವಾದ ದೃಶ್ಯ ಬಚ್ಚಿಟ್ಟುಕೊಂಡೇ ಭಯ ತೋರಿಸಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಧ್ವನಿಯಲ್ಲಿ ಇನ್ನೂ ಹೆಚ್ಚು ಕೊರತೆ ಬೀಳುತ್ತದೆ. ಪ್ರತಿ ಲೊಕೇಶನ್‌ನಲ್ಲಿ ಎಲ್ಲರೂ ಸುಮ್ಮನಿದ್ದಾಗ ಕನಿಷ್ಠ 60 ಸೆಕೆಂಡ್ ಆ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಉಸಿರಾಟ, ಬಿಕ್ಕಳಿಕೆ, ಪಿಸುಮಾತು, ಕಿರುಚಾಟಗಳನ್ನು ಕ್ಯಾಮೆರಾ ಇಲ್ಲದೆ ಬೇರೆಯಾಗಿ ತೆಗೆದಿಡಿ. ಕಿರುಚಾಟವನ್ನು ದಿನದ ಕೊನೆಯಲ್ಲಿ, ಏಕೆಂದರೆ ಗಂಟಲು ಕೂತರೆ ಮರುದಿನದ ಮಾತು ಹಾಳು. ಸೆಟ್‌ನಲ್ಲಿ ನಿರ್ದೇಶಕ "ಈಗ ಮೇಲೆ ನೋಡು" ಎಂದು ಹೇಳುತ್ತಿರುವ ಧ್ವನಿ ಒಳ್ಳೊಳ್ಳೆಯ ಟೇಕ್‌ಗಳಲ್ಲಿ ಕೂತುಬಿಟ್ಟಿರುತ್ತದೆ. ಸಿನಿಮಾಕ್ಕೆ ಡಬ್ಬಿಂಗ್ ಆಗುವುದರಿಂದ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಟ್ರೇಲರ್ ಕಟ್ ಆಗುವ ಹೊತ್ತಿಗೆ ಡಬ್ಬಿಂಗ್ ಆಗಿರುವುದಿಲ್ಲ.

ಸೆಟ್‌ನಲ್ಲಿ ಹಿಡಿದ ಸಾಮಗ್ರಿ ಪ್ರಚಾರಕ್ಕೆ ಎಷ್ಟು ಬಲ ಕೊಡುತ್ತದೆ ಎಂಬುದನ್ನು 2024ರ 'ಲಾಂಗ್‌ಲೆಗ್ಸ್' ತೋರಿಸಿಕೊಟ್ಟಿತು. ವಿತರಕ ಸಂಸ್ಥೆ ನಿಯಾನ್ ನಿಕೋಲಸ್ ಕೇಜ್ ಅವರ ಮುಖವನ್ನು ಟ್ರೇಲರ್‌ಗಳಲ್ಲಿ ಪೂರ್ತಿ ತೋರಿಸಲೇ ಇಲ್ಲ. ಅದರ ಬದಲು, ಆ ಮೇಕಪ್‌ನಲ್ಲಿ ಕೇಜ್ ಅವರನ್ನು ಮೊದಲ ಸಲ ನೋಡಿದಾಗ ನಾಯಕಿ ಮೈಕಾ ಮನ್ರೋ ಅವರ ಎದೆಬಡಿತ ನಿಮಿಷಕ್ಕೆ 170ಕ್ಕೆ ಏರಿದ್ದನ್ನು ರೆಕಾರ್ಡ್ ಮಾಡಿದ್ದರು. ಆ ಸದ್ದನ್ನೇ ಒಂದು ಪ್ರಚಾರ ತುಣುಕನ್ನಾಗಿ ಬಿಟ್ಟರು. ಕೇಜ್ ಅವರ ಸ್ಯಾಟರ್ನ್ ಫಿಲ್ಮ್ಸ್ ಆ ಚಿತ್ರದ ನಿರ್ಮಾಣದಲ್ಲೂ ಪಾಲುದಾರ. ಪೋಸ್ಟರಿಗೆ ಅತಿ ಹೆಚ್ಚು ಬೆಲೆ ತರಬಲ್ಲ ಮುಖವನ್ನೇ ಬಚ್ಚಿಡುವ ನಿರ್ಧಾರಕ್ಕೆ ನಿರ್ಮಾಣದ ಕಡೆಯವರೂ ವಿತರಕರೂ ಒಂದೇ ಮನಸ್ಸಿನವರಾಗಿರಬೇಕು. ಇಲ್ಲದಿದ್ದರೆ ಎರಡನೇ ಟ್ರೇಲರ್‌ನಲ್ಲೇ ಮುಖ ಹೊರಗೆ ಬಂದಿರುತ್ತದೆ.

ಕಳಿಸುವ ಸಾಮಗ್ರಿ

ಟ್ರೇಲರ್ ಕಂಪನಿಗೆ ರಫ್ ಕಟ್ (ಸಿನಿಮಾದ ಕಚ್ಚಾ ಜೋಡಣೆ) ಒಂದನ್ನೇ ಕಳಿಸಿ ಸುಮ್ಮನಾಗುವುದು ಅತಿ ಸಾಮಾನ್ಯ ತಪ್ಪು. ಏಕೆ ತಪ್ಪು ಎಂಬುದು ಗೊತ್ತಾಗಬೇಕಾದರೆ ಟ್ರೇಲರ್‌ನ ಒಂದು ಬೆಚ್ಚುವ ಕ್ಷಣವನ್ನು ಫ್ರೇಮ್ ಫ್ರೇಮ್ ಆಗಿ ನೋಡಬೇಕು. ಸೆಕೆಂಡಿಗೆ 24 ಫ್ರೇಮ್ ಎಂದಿಟ್ಟುಕೊಳ್ಳಿ.

ಮೊದಲು ಹುಡುಗಿಯ ಮುಖ, ಹತ್ತಿರದಿಂದ, ಸುಮಾರು ಮೂರು ಸೆಕೆಂಡ್. ಈ ಶಾಟ್ ಬೀಳುತ್ತಿದ್ದಂತೆ ಸಂಗೀತ ನಿಲ್ಲುತ್ತದೆ, ಕೋಣೆಯ ಮೌನ ಮಾತ್ರ ಉಳಿಯುತ್ತದೆ. ಅವಳು ಬಲಕ್ಕೆ ನೋಡುತ್ತಾಳೆ. ಎರಡನೇ ಶಾಟ್, ಅರೆ ತೆರೆದ ಬಾಗಿಲು, ಒಳಗೆ ಕತ್ತಲು. ಇದನ್ನು 40ರಿಂದ 50 ಫ್ರೇಮ್ ಹಿಡಿಯಬೇಕು. ಮೊದಲ 15 ಫ್ರೇಮ್‌ನಲ್ಲಿ ಕಣ್ಣು ಕತ್ತಲನ್ನು ಹುಡುಕುತ್ತದೆ, ಮುಂದಿನ 20ರಲ್ಲಿ ಈಗ ಬರುತ್ತದೆ ಎಂದು ಮೈ ಬಿಗಿಯುತ್ತದೆ, ಆಮೇಲೆ ಏನೂ ಬರಲಿಲ್ಲವಲ್ಲ ಎಂಬ ಸಣ್ಣ ಗೊಂದಲ. ಮತ್ತೆ ಮುಖ. ಹುಡುಗಿ ಉಸಿರು ಬಿಡುತ್ತಾಳೆ, ನೋಡುವವರೂ ಅವಳ ಜೊತೆ ಬಿಡುತ್ತಾರೆ. 20 ಫ್ರೇಮ್ ಸಾಕು. ಈಗ ಕೋಣೆಯ ಮೌನವನ್ನೂ ತೆಗೆದುಬಿಡುತ್ತಾರೆ. ಆರರಿಂದ ಹತ್ತು ಫ್ರೇಮ್ ಪೂರ್ತಿ ನಿಶ್ಶಬ್ದ. ಆಮೇಲೆ ಏಟು: ಬಾಗಿಲ ಕಡೆಯಿಂದಲ್ಲ, ಎಡದಿಂದ. ಚಿತ್ರವೂ ಶಬ್ದವೂ ಒಂದೇ ಫ್ರೇಮ್‌ನಲ್ಲಿ ಬೀಳಬೇಕು. ಶಬ್ದ ಎರಡು ಫ್ರೇಮ್ ತಡವಾದರೂ ಏಟು ಸಪ್ಪೆ. ಆ ಆಕೃತಿ ತೆರೆಯ ಮೇಲೆ ಇರುವುದು 8ರಿಂದ 12 ಫ್ರೇಮ್, ಅಂದರೆ ಅರ್ಧ ಸೆಕೆಂಡ್ ಮೀರದಂತೆ. ನಂತರ ಕಪ್ಪು ತೆರೆ.

ಇದರಲ್ಲಿ ಯಾವುದು ರಫ್ ಕಟ್‌ನಲ್ಲಿ ಸಿಗುತ್ತದೆ? ಸಿನಿಮಾದ ಎಡಿಟರ್ ಆ ಬಾಗಿಲಿನ ಶಾಟ್ ಅನ್ನು ತನ್ನ ಲಯಕ್ಕೆ 22 ಫ್ರೇಮ್‌ಗೆ ಕತ್ತರಿಸಿರಬಹುದು. ಉಸಿರು ಬಿಡುವ ಮುಖ ಬೇರೆ ಟೇಕ್‌ನಲ್ಲಿ ಇರಬಹುದು. ಕೋಣೆಯ ಮೌನದ ಮೇಲೆ ತಾತ್ಕಾಲಿಕ ಸಂಗೀತ ಹರಡಿರಬಹುದು, ಅದನ್ನು ಬೇರ್ಪಡಿಸಲಾಗದು. ಹಾಗಾಗಿ ಎಲ್ಲ ರಷಸ್ (ಸೆಟ್‌ನಲ್ಲಿ ಹಿಡಿದ, ಕತ್ತರಿಸದ ಫೂಟೇಜ್) ಕೊಡಬೇಕು, ಅಥವಾ ಕನಿಷ್ಠ ಒಪ್ಪಿಗೆಯಾದ ದೃಶ್ಯಗಳ ಎಲ್ಲ ಟೇಕ್‌ಗಳನ್ನು. ಮಾತು, ಸಂಗೀತ, ಎಫೆಕ್ಟ್ ಮೂರೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇರಬೇಕು. ಚಿತ್ರದ ಮೇಲೆ ಟೈಮ್‌ಕೋಡ್ (ಪ್ರತಿ ಫ್ರೇಮ್‌ನ ಸಮಯ ತೋರಿಸುವ ಅಂಕಿ), ಪಡೆಯುವವರ ಹೆಸರಿನ ವಾಟರ್‌ಮಾರ್ಕ್ ಎರಡೂ ಇರಲಿ. ಸೋರಿದರೆ ಎಲ್ಲಿಂದ ಎಂದು ಆಗಲೇ ಗೊತ್ತಾಗುವುದು. ಆದರೆ ವಾಟರ್‌ಮಾರ್ಕ್ ಅನ್ನು ಮುಖಗಳ ಮೇಲೆ ಹಾಕಬೇಡಿ, ಕಣ್ಣು ಕಾಣದಿದ್ದರೆ ಎಡಿಟರ್ ಟೇಕ್ ಆರಿಸಲಾರ. ಫ್ರೇಮ್ ರೇಟ್ ಬಗ್ಗೆ ಬರವಣಿಗೆಯಲ್ಲೇ ತಿಳಿಸಿ. 24ರಲ್ಲಿ ಚಿತ್ರಿಸಿದ್ದನ್ನು 23.976 ಎಂದು ತಿಳಿದು ಕೆಲಸ ಮಾಡಿದರೆ ಸಾವಿರಕ್ಕೆ ಒಂದು ಪಾಲು ವ್ಯತ್ಯಾಸ ಬರುತ್ತದೆ. ಎರಡು ನಿಮಿಷದ ಟ್ರೇಲರ್‌ನ ಕೊನೆಗೆ ಶಬ್ದ ಸುಮಾರು ಮೂರು ಫ್ರೇಮ್ ಜಾರುತ್ತದೆ, ಅಂದರೆ ಮೇಲೆ ಹೇಳಿದ ಏಟು ಸತ್ತಂತೆ.

ಸಿನಿಮಾದ ಕಟ್ ಬದಲಾದಾಗಲೆಲ್ಲ ಟ್ರೇಲರ್ ಕಂಪನಿಗೆ ಬದಲಾವಣೆಯ ಪಟ್ಟಿ ಹೋಗಬೇಕು, ವಾರಕ್ಕೊಮ್ಮೆ. ಕೈಬಿಟ್ಟ ದೃಶ್ಯ ಟ್ರೇಲರ್‌ನಲ್ಲಿ ಉಳಿದರೆ ಪ್ರೇಕ್ಷಕರಿಗೆ ಸಿಟ್ಟು ಬರುತ್ತದೆ ಅನ್ನುವುದಷ್ಟೇ ಅಲ್ಲ. 'ಯೆಸ್ಟರ್‌ಡೇ' ಎಂಬ 2019ರ ಚಿತ್ರದ ಟ್ರೇಲರ್‌ನಲ್ಲಿದ್ದ ನಟಿ ಸಿನಿಮಾದಲ್ಲಿ ಇರಲಿಲ್ಲ ಎಂದು ಇಬ್ಬರು ಪ್ರೇಕ್ಷಕರು ಅಮೆರಿಕದಲ್ಲಿ ಕೋರ್ಟಿಗೆ ಹೋದರು. ಟ್ರೇಲರ್ ಎಂದರೆ ವಾಣಿಜ್ಯ ಜಾಹೀರಾತು, ಸುಳ್ಳು ಜಾಹೀರಾತಿನ ಕಾನೂನು ಅದಕ್ಕೂ ಅನ್ವಯಿಸುತ್ತದೆ ಎಂದು 2022ರ ಡಿಸೆಂಬರ್‌ನಲ್ಲಿ ನ್ಯಾಯಾಧೀಶರು ಹೇಳಿದರು. ಅದು ಹಾರರ್ ಅಲ್ಲ, ಆದರೆ ಪಾಠ ಎಲ್ಲರಿಗೂ ಸೇರಿದ್ದು.

ವಿಎಫ್‌ಎಕ್ಸ್, ಅಂದರೆ ಕಂಪ್ಯೂಟರಿನಲ್ಲಿ ಸೃಷ್ಟಿಸುವ ದೃಶ್ಯಗಳ ವಿಷಯದಲ್ಲಿ ಮುಂದಾಲೋಚನೆ ಇನ್ನೂ ಹೆಚ್ಚು ಬೇಕು. ಬಿಡುಗಡೆಗೆ ನಾಲ್ಕು ತಿಂಗಳು ಮುಂಚೆ ಟ್ರೇಲರ್ ಬರುವುದಾದರೆ ಆಗ ಬಹಳಷ್ಟು ಶಾಟ್‌ಗಳು ಅರೆಬೆಂದಿರುತ್ತವೆ. ಟ್ರೇಲರ್‌ಗೆ ಬೇಕಾಗಬಹುದಾದ ಹತ್ತು ಹದಿನೈದು ಶಾಟ್‌ಗಳನ್ನು ಗುರುತಿಸಿ ವಿಎಫ್‌ಎಕ್ಸ್ ಸ್ಟುಡಿಯೋಗೆ ಮೊದಲ ಸರದಿಯಲ್ಲಿ ಕೊಡಿ. ಶಾಟ್‌ನ ಎರಡೂ ತುದಿಗೆ ಕನಿಷ್ಠ 8 ಫ್ರೇಮ್ ಹೆಚ್ಚುವರಿ ಕೇಳಿ. ಆ ಹೆಚ್ಚುವರಿ ಇಲ್ಲದಿದ್ದರೆ ಟ್ರೇಲರ್ ಎಡಿಟರ್‌ಗೆ ಕಾಲು ಸೆಕೆಂಡ್ ಆಚೀಚೆ ಸರಿಸಲೂ ಜಾಗವಿರುವುದಿಲ್ಲ. ಅರೆಬೆಂದ ಪ್ರಾಣಿಯನ್ನು ತೋರಿಸುವುದಕ್ಕಿಂತ ಅದರ ನೆರಳು ತೋರಿಸಿ. ಒಮ್ಮೆ ಜನ ನೋಡಿ ನಕ್ಕರೆ ಆಮೇಲೆ ಎಷ್ಟೇ ತಿದ್ದಿದರೂ ಹೆದರುವುದಿಲ್ಲ.

ಹಾಡು ಬಳಸುವ ಆಸೆಯಿದ್ದರೆ ಹಕ್ಕನ್ನು ಸಿನಿಮಾಕ್ಕೆ ಕೊಳ್ಳುವ ದಿನವೇ ಟ್ರೇಲರ್‌ಗೂ ಕೊಳ್ಳಬೇಕು. ಸಿನಿಮಾದಲ್ಲಿ ಬಳಸಲು ಸಿಕ್ಕ ಅನುಮತಿ ಪ್ರಚಾರಕ್ಕೆ ತಾನಾಗಿ ಬರುವುದಿಲ್ಲ. ಆ ಹಾಡು ಇರುವ ದೃಶ್ಯವನ್ನು ಹಾಗೇ ತೋರಿಸಲು ಒಂದು ದರ, ಹಾಡನ್ನು ಎತ್ತಿ ಬೇರೆ ದೃಶ್ಯಗಳ ಮೇಲೆ ಹರಡಲು ಇನ್ನೊಂದು ದರ; ಟ್ರೇಲರ್‌ಗೆ ಬೇಕಾಗುವುದು ಎರಡನೆಯದು, ದುಬಾರಿಯೂ ಅದೇ. ಹಳೆಯ ಮಕ್ಕಳ ಹಾಡನ್ನು ನಿಧಾನವಾಗಿ ಹೊಸದಾಗಿ ಹಾಡಿಸಿದರೆ ಮೂಲ ರೆಕಾರ್ಡಿಂಗ್‌ನ ಹಕ್ಕು ಬೇಕಿಲ್ಲ, ರಚನೆಯ ಹಕ್ಕು ಮಾತ್ರ ಬೇಕು. ಈ ತಂತ್ರ ಹಾರರ್ ಟ್ರೇಲರ್‌ಗಳಲ್ಲಿ ಅತಿಯಾಗಿದೆ. ಮೌನವನ್ನು ಚೆನ್ನಾಗಿ ಬಳಸಿದ ಟ್ರೇಲರ್ ನನಗೆ ಇದಕ್ಕಿಂತ ಸಾವಿರ ಪಾಲು ಮೇಲು.

ಶಬ್ದ, ಕತ್ತಲು

ಚಿತ್ರಮಂದಿರದ ಟ್ರೇಲರ್‌ಗೆ ಗಟ್ಟಿತನದ ಮಿತಿ ಇದೆ. ಅಮೆರಿಕದಲ್ಲಿ ಟ್ರೇಲರ್ ಆಡಿಯೊ ಸ್ಟ್ಯಾಂಡರ್ಡ್ಸ್ ಅಸೋಸಿಯೇಷನ್ ಇಟ್ಟಿರುವ ಮಿತಿ 85 ಡೆಸಿಬೆಲ್. ಅದು ಒಂದು ಕ್ಷಣದ ಅಳತೆಯಲ್ಲ, ಇಡೀ ಟ್ರೇಲರ್‌ನ ಒಟ್ಟಾರೆ ಅಳತೆ. ಹಾರರ್‌ಗೆ ಇದು ವರ. ಹೆಚ್ಚು ಹೊತ್ತು ಮೆಲ್ಲಗಿದ್ದರೆ ಉಳಿದ ಗಟ್ಟಿತನವನ್ನೆಲ್ಲ ಮೂರು ನಾಲ್ಕು ಏಟಿಗೆ ಸುರಿಯಬಹುದು. ಯೂಟ್ಯೂಬ್ ಕೂಡ ಒಟ್ಟಾರೆ ಗಟ್ಟಿಯಾದ ವಿಡಿಯೋವನ್ನು ತಾನೇ ತಗ್ಗಿಸುತ್ತದೆ. ಆರಂಭದಿಂದ ಕೊನೆಯವರೆಗೆ ಅಬ್ಬರಿಸುವ ಟ್ರೇಲರ್‌ನಲ್ಲಿ ಏಟು ಬಿದ್ದರೂ ಗೊತ್ತಾಗದಿರುವುದು ಇದಕ್ಕೇ.

ಬಹಳ ಜನ ಟ್ರೇಲರ್ ನೋಡುವುದು ಫೋನಿನಲ್ಲಿ. ಚಿತ್ರಮಂದಿರದಲ್ಲಿ ಎದೆ ನಡುಗಿಸುವ 40 ಹರ್ಟ್ಜ್ ಗುಡುಗು ಫೋನಿನ ಸ್ಪೀಕರ್‌ನಲ್ಲಿ ಕೇಳಿಸುವುದೇ ಇಲ್ಲ. ಅದೇ ಸದ್ದಿಗೆ 150ರಿಂದ 300 ಹರ್ಟ್ಜ್ ನಡುವಿನ ಪದರ ಒಂದನ್ನು ಸೇರಿಸಿ ಆನ್‌ಲೈನ್ ಮಿಕ್ಸ್ ಬೇರೆಯೇ ಮಾಡಿಸಬೇಕು. ಕತ್ತಲೆಗೂ ಇದೇ ಮಾತು. ಡಿಜಿಟಲ್ ಪ್ರೊಜೆಕ್ಷನ್‌ಗೆ ಗ್ರೇಡ್ ಮಾಡಿದ (ಬಣ್ಣ, ಬೆಳಕು ಹೊಂದಿಸಿದ) ಕಪ್ಪು, ಬಿಸಿಲಿನಲ್ಲಿ ಹಿಡಿದ ಫೋನಿನಲ್ಲಿ ಬರೀ ಕಪ್ಪು ಚೌಕ. ಜೊತೆಗೆ ವಿಡಿಯೋ ಕುಗ್ಗಿಸುವಾಗ ಕತ್ತಲ ಭಾಗಗಳಲ್ಲಿ ಪಟ್ಟೆಗಳೂ ಚೌಕಗಳೂ ಏಳುತ್ತವೆ. ಏಕೆಂದರೆ ವಿಡಿಯೋ ಕುಗ್ಗಿಸುವ ಎನ್‌ಕೋಡರ್ ಕಣ್ಣಿಗೆ ಕಾಣದು ಎಂದುಕೊಂಡ ಜಾಗಕ್ಕೆ ಕಡಿಮೆ ಡೇಟಾ ಕೊಡುತ್ತದೆ, ಹಾರರ್‌ನಲ್ಲಿ ನೋಡುವವರ ಕಣ್ಣು ನೆಟ್ಟಿರುವುದು ಅಲ್ಲೇ. ಆನ್‌ಲೈನ್ ಆವೃತ್ತಿಯಲ್ಲಿ ನೆರಳನ್ನು ಒಂದಿಷ್ಟು ಎತ್ತಿ, ತೆಳುವಾದ ಗ್ರೇನ್ (ಫಿಲ್ಮ್‌ನಂಥ ಸಣ್ಣ ಕಣಗಳು) ಸೇರಿಸಿ, ಎಷ್ಟು ಸಾಧ್ಯವೋ ಅಷ್ಟು ಹೆಚ್ಚಿನ ಬಿಟ್‌ರೇಟ್‌ನಲ್ಲಿ ಅಪ್‌ಲೋಡ್ ಮಾಡಬೇಕು. ಎರಡು ಗ್ರೇಡ್, ಎರಡು ಮಿಕ್ಸ್. ಸಿನಿಮಾದ ಕಲರಿಸ್ಟ್‌ನಿಂದಲೇ ಇದನ್ನು ಮಾಡಿಸಲು ನಿರ್ಮಾಣ ಸಂಸ್ಥೆ ಒಂದು ದಿನದ ದುಡ್ಡು ಎತ್ತಿಟ್ಟಿರಬೇಕು. ಬೇರೆಯವರು ಮಾಡಿದರೆ ಸಿನಿಮಾದ ಬಣ್ಣವೇ ಬೇರೆ, ಟ್ರೇಲರ್‌ನ ಬಣ್ಣವೇ ಬೇರೆ ಆಗುತ್ತದೆ.

ಅಮೆರಿಕದಲ್ಲಿ ಮೋಷನ್ ಪಿಕ್ಚರ್ ಅಸೋಸಿಯೇಷನ್ ರೇಟಿಂಗ್ ಕೊಟ್ಟ ಸಿನಿಮಾದ ಟ್ರೇಲರ್‌ಗೂ ಅದೇ ಸಂಸ್ಥೆಯ ಒಪ್ಪಿಗೆ ಬೇಕು. ಆ ಒಪ್ಪಿಗೆಯ ಪಟ್ಟಿ ಟ್ರೇಲರ್‌ನ ಮೊದಲಲ್ಲೇ ಬರುತ್ತದೆ: ಹಸಿರು ಪಟ್ಟಿಯದು ಹೆಚ್ಚಿನ ಪ್ರೇಕ್ಷಕರ ಮುಂದೆ ಹೋಗುತ್ತದೆ, ಕೆಂಪು ಪಟ್ಟಿಯದು ಪ್ರೌಢ ಪ್ರೇಕ್ಷಕರಿಗೆ ಮಾತ್ರ. ಚಿತ್ರಮಂದಿರದ ಟ್ರೇಲರ್‌ನ ಉದ್ದ ಸಾಮಾನ್ಯವಾಗಿ ಎರಡೂವರೆ ನಿಮಿಷ ಮೀರುವುದಿಲ್ಲ. ಚಿತ್ರಮಂದಿರ ಮಾಲೀಕರ ಸಂಘವಂತೂ 2014ರಲ್ಲಿ ಎರಡು ನಿಮಿಷ ಸಾಕು ಎಂದು ಸೂಚನೆ ಹೊರಡಿಸಿತು. ಹಸಿರು ಪಟ್ಟಿಯಲ್ಲಿ ರಕ್ತಕ್ಕೆ ಜಾಗ ತೀರಾ ಕಡಿಮೆ. ಆದ್ದರಿಂದ ರಕ್ತದ ಪ್ರತಿ ಮುಖ್ಯ ದೃಶ್ಯಕ್ಕೂ ರಕ್ತವಿಲ್ಲದ ಒಂದು ಟೇಕ್ ತೆಗೆಯಿರಿ. ಅಂಗಿಗೆ ರಕ್ತ ಮೆತ್ತುವ ಮುಂಚೆ ಎರಡು ನಿಮಿಷದ ಕೆಲಸ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದು ದಿನಗಟ್ಟಲೆಯ ಕೆಲಸ.

ಆರು ಸೆಕೆಂಡಿನ ಜಾಹೀರಾತುಗಳಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. 2018ರಲ್ಲಿ 'ದಿ ನನ್' ಚಿತ್ರದ ಯೂಟ್ಯೂಬ್ ಜಾಹೀರಾತೊಂದು ಫೋನಿನ ವಾಲ್ಯೂಮ್ ತಗ್ಗುತ್ತಿರುವಂತೆ ಐಕಾನ್ ತೋರಿಸಿ, ತಟ್ಟನೆ ಕಿರುಚುವ ಮುಖವನ್ನು ಎರಗಿಸಿತು. ದೂರುಗಳು ಬಂದವು, ಆಘಾತಕಾರಿ ಸಾಮಗ್ರಿಯ ನಿಯಮಕ್ಕೆ ವಿರುದ್ಧ ಎಂದು ಯೂಟ್ಯೂಬ್ ಅದನ್ನು ಕಿತ್ತುಹಾಕಿತು. ಟ್ರೇಲರ್ ನೋಡಲು ಬಂದವನು ಹೆದರಲು ಒಪ್ಪಿ ಬಂದವನು. ಬೇರೆ ವಿಡಿಯೋ ನೋಡುತ್ತಾ ಕೂತವನು ಒಪ್ಪಿಲ್ಲ. ಆ ಒಪ್ಪಿಗೆ ಇಲ್ಲದ ಕಡೆ ಹೆದರಿಸುವುದು ನನ್ನ ಮಟ್ಟಿಗೆ ಅನ್ಯಾಯವೇ.

ಹೆಸರಿನ ಭಾರ

"ಇಂಥ ಚಿತ್ರದ ನಿರ್ಮಾಪಕರಿಂದ" ಎಂಬ ಕಾರ್ಡ್ ಹಾರರ್ ಟ್ರೇಲರ್‌ನಲ್ಲಿ ನಟರ ಹೆಸರಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಕಡಿಮೆ ಬಜೆಟ್, ಪರಿಚಯವಿಲ್ಲದ ನಟರು, ಹಾಗಾಗಿ ನಂಬಿಕೆ ಕೊಡಬೇಕಾದ್ದು ಸಂಸ್ಥೆಯ ಹೆಸರೇ. ಸುಮಾರು 15,000 ಡಾಲರ್‌ನಲ್ಲಿ ಚಿತ್ರಿಸಿದ 'ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ'ಯನ್ನು 2009ರಲ್ಲಿ ಪ್ಯಾರಾಮೌಂಟ್ ಬಿಡುಗಡೆ ಮಾಡಿದಾಗ ಅದರ ಹಿಂದಿದ್ದ ನಿರ್ಮಾಣ ಸಂಸ್ಥೆ ಬ್ಲಮ್‌ಹೌಸ್‌ನ ಹೆಸರು ಸಾಮಾನ್ಯ ಪ್ರೇಕ್ಷಕರಿಗೆ ಗೊತ್ತಿರಲಿಲ್ಲ. ಟ್ರೇಲರ್‌ನಲ್ಲಿ ಕತ್ತಲ ಚಿತ್ರಮಂದಿರದಲ್ಲಿ ಬೆಚ್ಚಿಬೀಳುವ ಪ್ರೇಕ್ಷಕರನ್ನೇ ತೋರಿಸಿದರು. ಸಿನಿಮಾದ ದೃಶ್ಯಗಳನ್ನು ಮಿತವಾಗಿ ಖರ್ಚು ಮಾಡಿ, ಭಯದ ಪುರಾವೆ ಕೊಟ್ಟರು. ಆ ಚಿತ್ರದ ನಂತರ ಆ ನಿರ್ಮಾಪಕರೆಂಬ ಕಾರ್ಡೇ ಮುಂದಿನ ಟ್ರೇಲರ್‌ಗಳ ಬಂಡವಾಳವಾಯಿತು.

ಹೆಸರು ಕೊಟ್ಟ ಮಾತನ್ನು ಸಿನಿಮಾ ಉಳಿಸಿಕೊಳ್ಳದಿದ್ದರೆ ಪ್ರೇಕ್ಷಕ ಕ್ಷಮಿಸುವುದಿಲ್ಲ. 2017ರ 'ಇಟ್ ಕಮ್ಸ್ ಅಟ್ ನೈಟ್' ಅನ್ನು ವಿತರಕ ಸಂಸ್ಥೆ ಎ24 ಬಿಡುಗಡೆ ಮಾಡಿದಾಗ ಟ್ರೇಲರ್ ನೋಡಿದವರು ಕಾಡಿನೊಳಗಿಂದ ಏನೋ ಬರುತ್ತದೆ ಎಂದುಕೊಂಡರು. ಸಿನಿಮಾ ಇದ್ದದ್ದು ಮನುಷ್ಯರ ಅನುಮಾನದ ಬಗ್ಗೆ. ವಿಮರ್ಶಕರು ಮೆಚ್ಚಿದರೂ ಮೊದಲ ದಿನದ ಪ್ರೇಕ್ಷಕರು ಸಿನಿಮಾಸ್ಕೋರ್ ಸಮೀಕ್ಷೆಯಲ್ಲಿ ಕೊಟ್ಟದ್ದು 'ಡಿ'. ಒಳ್ಳೆಯ ಸಿನಿಮಾ, ಚೆನ್ನಾಗಿ ಕಟ್ ಆದ ಟ್ರೇಲರ್, ಆದರೆ ಒಂದಕ್ಕೊಂದು ಸೇರದ ಜೋಡಿ. ಇಲ್ಲಿಯೇ ನಿರ್ಮಾಣ ಸಂಸ್ಥೆ ಬಾಯಿ ಬಿಡಬೇಕು: ಇದು ಯಾವ ಬಗೆಯ ಭಯ, ನಿಧಾನವಾಗಿ ಏರುವುದೋ ಪದೇ ಪದೇ ಎರಗುವುದೋ, ದೆವ್ವ ಇದೆಯೋ ಇಲ್ಲವೋ. ಅರ್ಧ ಪುಟದ ಟಿಪ್ಪಣಿಯನ್ನು ಮೊದಲ ಕಟ್‌ಗೂ ಮುಂಚೆ ಕೊಟ್ಟರೆ ಸಾಕು.

ಇನ್ನೂ ವಿತರಕರೇ ಇಲ್ಲದ ಸಣ್ಣ ಸಂಸ್ಥೆಗಳು ತಾವೇ ಒಂದು ರೀಲ್ ಮಾಡಬೇಕಾಗುತ್ತದೆ, ಚಿತ್ರ ಮಾರುಕಟ್ಟೆಗಳಲ್ಲಿ ಕೊಳ್ಳುವವರಿಗೆ ತೋರಿಸಲು. 'ಸಾ' ಚಿತ್ರದ ಹುಡುಗರು 2003ರಲ್ಲಿ ಮಾಡಿದ್ದು ಅದನ್ನೇ: ಒಂದೇ ದೃಶ್ಯವನ್ನು ಕಿರುಚಿತ್ರವಾಗಿ ಚಿತ್ರಿಸಿ, ಅದನ್ನು ತೋರಿಸಿ ಸಿನಿಮಾಕ್ಕೆ ಹಣ ಹುಟ್ಟಿಸಿದರು. ಈ ರೀಲ್‌ನ ನಿಯಮ ಟ್ರೇಲರ್‌ಗೆ ತದ್ವಿರುದ್ಧ. ಕೊಳ್ಳುವವರಿಗೆ ಭೂತ ಹೇಗಿದೆ, ವಿಎಫ್‌ಎಕ್ಸ್ ಗುಣಮಟ್ಟ ಎಷ್ಟು ಎಂದು ಕಾಣಿಸಲೇಬೇಕು, ಆದ್ದರಿಂದ ಮುಚ್ಚಿಡಬೇಕಾದದ್ದೆಲ್ಲ ಅಲ್ಲಿರುತ್ತದೆ. ಪಾಸ್‌ವರ್ಡ್ ಇರುವ ಲಿಂಕ್‌ನಲ್ಲೇ ಕಳಿಸಿ, ಮಾರುಕಟ್ಟೆ ಮುಗಿದ ದಿನ ಲಿಂಕ್ ಮುಚ್ಚಿ.

ಕೊನೆಗೆ ಹೊರದೇಶದ ವಿತರಕರು. ಒಬ್ಬೊಬ್ಬರೂ ತಮ್ಮ ಮಾರುಕಟ್ಟೆಗೆ ಬೇಕಾದಂತೆ ಟ್ರೇಲರ್ ಅನ್ನು ಮತ್ತೆ ಕಟ್ ಮಾಡುತ್ತಾರೆ, ಮತ್ತು ಹಾರರ್ ಸಿನಿಮಾಗಳ ಗುಟ್ಟು ಎಷ್ಟೋ ಸಲ ರಟ್ಟಾಗುವುದು ಇಲ್ಲೇ. ಮೂಲ ದೇಶದಲ್ಲಿ ಜೋಪಾನವಾಗಿ ಮುಚ್ಚಿಟ್ಟ ಮುಖ ಬೇರೊಂದು ದೇಶದ ಟ್ರೇಲರ್‌ನಲ್ಲಿ ಕಾಣಿಸಿದರೆ ಒಂದು ಗಂಟೆಯೊಳಗೆ ಅದರ ಸ್ಕ್ರೀನ್‌ಶಾಟ್ ಎಲ್ಲೆಡೆ ಹರಡಿರುತ್ತದೆ. ಬಳಸಬಾರದ ಶಾಟ್‌ಗಳ ಪಟ್ಟಿಯನ್ನು ಪ್ರತಿ ದೇಶದ ಒಪ್ಪಂದಕ್ಕೂ ಲಗತ್ತಿಸಬೇಕು, ಆದರೆ ಅದಕ್ಕಿಂತ ಭದ್ರವಾದ ಉಪಾಯ ಇನ್ನೊಂದಿದೆ. ಅಕ್ಷರಗಳಿಲ್ಲದ ಟ್ರೇಲರ್, ಬೇರೆ ಬೇರೆಯಾದ ಶಬ್ದದ ಟ್ರ್ಯಾಕ್‌ಗಳು, ಜೊತೆಗೆ ಪಟ್ಟಿಯ ಶಾಟ್‌ಗಳನ್ನು ತೆಗೆದುಹಾಕಿದ ಇಪ್ಪತ್ತು ನಿಮಿಷದ ಫೂಟೇಜ್ ಕಟ್ಟು: ಇಷ್ಟನ್ನು ಸಿದ್ಧಮಾಡಿ ಟ್ರೇಲರ್ ಕೆಲಸಕ್ಕೆ ಅದನ್ನೇ ಕಳಿಸಿ. ಪೂರ್ತಿ ಸಿನಿಮಾ ಅವರ ಮಾರ್ಕೆಟಿಂಗ್ ವಿಭಾಗಕ್ಕೆ ತಲುಪುವುದು ಅವರ ಟ್ರೇಲರ್ ಹೊರಬಂದ ಮೇಲೆಯೇ ಇರಲಿ.